ಬಾಯಮ್ಮನ ಹಾವಿನ ಹಾಸು

ಮೊನ್ನೆ ಒಂದು ಪಾರ್ಸೆಲ್ ಬಿಚ್ಚಿದೆ. ಗಾಜಿನ ಪಾತ್ರೆ ಒಡೆಯದಿರಲೆಂದು ಸುತ್ತ ದೇವದಾರು ಮರದ ಹೊಟ್ಟು ತುಂಬಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ದುಬೈಯ ಕರಾಮದ ನಮ್ಮ ಹಳೆಯ ಫ್ಲ್ಯಾಟು, ಪಕ್ಕದ ಮನೆಯ ಬಾಯಮ್ಮ ಎಲ್ಲ ನೆನಪಾಯಿತು...

ಮೆಟ್ರೋ ಇನ್ನೂ ಹೊಸತಾಗಿದ್ದ ಕಾಲ. ಬಾಯಮ್ಮ ಮಂಗಳೂರು ಕಡೆಯ ಕ್ರಿಶ್ಚಿಯನ್ ಹೆಂಗಸು, ಆಸ್ಪತ್ರೆಯಲ್ಲಿ ನರ್ಸ್. ಗಂಡ ಜೆಬೆಲ್ ಅಲಿಯ ಗೋದಾಮಿನಲ್ಲಿ ಕೆಲಸ ಮಾಡುತ್ತಿರುವಾಗಲೇ ಎದೆ ಹಿಡಿದುಕೊಂಡು ಕುಸಿದವರು ಮತ್ತೆ ಏಳಲಿಲ್ಲ. ಅವರು ಬಿಟ್ಟುಹೋದದ್ದು ಗಾಜಿನ ಪೆಟ್ಟಿಗೆಯೊಳಗಿನ ಒಂದು ಕಿತ್ತಳೆ ಬಣ್ಣದ ಹಾವು. ವಿಷವಿಲ್ಲದ್ದು. ಮಕ್ಕಳಿಲ್ಲದ ಮನೆಯಲ್ಲಿ ಅದನ್ನು ಮುದ್ದಿನಿಂದ ಸಾಕಿದ್ದರು. ಬಾಯಮ್ಮನಿಗೋ ಅದನ್ನು ಮುಟ್ಟಲೂ ಹೆದರಿಕೆ. ಆದರೂ ಯಾರಿಗೂ ಕೊಡಲಿಲ್ಲ.

ಗಂಡ ಪೆಟ್ಟಿಗೆಯಲ್ಲಿ ಹಳೆಯ ಪೇಪರನ್ನಷ್ಟೇ ಹಾಸುತ್ತಿದ್ದರು. ಅವರು ಹೋದ ಮೇಲೆ, ಪಾಪ, ಪೇಪರಿನ ಮೇಲೆ ಯಾಕೆ ಮಲಗಬೇಕು ಎಂದು ಬಾಯಮ್ಮ ಘಮಘಮಿಸುವ ದೇವದಾರು ಹೊಟ್ಟು ತಂದು ದಪ್ಪಗೆ ಹರಡಿದರು. ಹಾವು ತಿನ್ನುವುದನ್ನು ಬಿಟ್ಟಿತು. ತಲೆ ಮೇಲೆತ್ತಿ, ಬಾಯಿ ತೆರೆದು, ಸಿಳ್ಳೆಯಂಥ ಸದ್ದು ಮಾಡುತ್ತ ಉಸಿರೆಳೆಯತೊಡಗಿತು.

ಆ ಸಂಜೆ ನಾನು ಕಂಪನಿ ಬಸ್ಸಿಳಿದು, ಸುಸ್ತಾಗಿ ಬೀಗ ತೆಗೆಯುತ್ತಿದ್ದೆ. ಬಾಯಮ್ಮ ಯೂನಿಫಾರ್ಮಿನಲ್ಲೇ ಅವರ ಬಾಗಿಲಲ್ಲಿ ನಿಂತಿದ್ದರು.

"ಇದೂ ಹೋದ್ರೆ ಈ ಮನೆಯಲ್ಲಿ ಅವರದ್ದು ಅಂತ ಉಸಿರಾಡುವುದು ಎಂತ ಉಂಟು ಮಾರಾಯ್ತಿ?"

ನಾನೇ ಹಾವನ್ನು ದಿಂಬಿನ ಕವರಿಗೆ ಇಳಿಸಿದೆ, ಇಬ್ಬರೂ ಪ್ರಾಣಿವೈದ್ಯರಲ್ಲಿಗೆ ಹೋದೆವು. ಆ ಮರದ ಪರಿಮಳದ ಎಣ್ಣೆಯೇ ಹಾವಿನ ಶ್ವಾಸಕೋಶಕ್ಕೆ ಮುಳ್ಳು ಎಂದರು ಡಾಕ್ಟರು. ಪೈನ್ ಹೊಟ್ಟೂ ಬೇಡ. ಮರಳು ಹಾಕಿದರೆ ಆಹಾರದ ಜೊತೆ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು. ಗುಣವಾಗುವ ತನಕ ಬರೀ ಪೇಪರು, ಆಮೇಲೆ ಬೇಕಿದ್ದರೆ ತೆಂಗಿನ ನಾರಿನ ಪುಡಿ ಎಂದು ತಿಳಿಸಿ, ಇಂಜೆಕ್ಷನ್ ಬರೆದುಕೊಟ್ಟರು.

ವಾಪಸು ಬರುವಾಗ ಬಾಯಮ್ಮ, "ಪೇಪರ್ ಹಾಕುವುದು ಜಿಪುಣತನ ಅಂತ ಅವರ ಹತ್ರ ಜಗಳ ಆಡ್ತಿದ್ದೆ. ಯಾಕೆ ಅಂತ ಒಂದು ಸಲ ಕೇಳಿದ್ರೆ ಹೇಳ್ತಿದ್ರು" ಅಂದರು.

ಇಂಜೆಕ್ಷನ್ನುಗಳನ್ನೆಲ್ಲ ಅವರೇ ಕೊಟ್ಟರು. ನಾನು ಹಿಡಿದುಕೊಳ್ಳುತ್ತೇನೆಂದರೆ ಬೇಡವೆಂದು, ಆಸ್ಪತ್ರೆಯ ಗ್ಲೌಸ್ ಹಾಕಿಕೊಂಡು ಹಾವನ್ನು ಮಡಿಲಿಗೆ ತೆಗೆದುಕೊಳ್ಳುತ್ತಿದ್ದರು. ಬರಬರುತ್ತ ಗ್ಲೌಸನ್ನೂ ಬಿಟ್ಟರು. ಹಾವೂ ಚೇತರಿಸಿಕೊಂಡು ಮತ್ತೆ ತಿನ್ನತೊಡಗಿತು.

ಕೆಲವು ವರ್ಷ ಕಳೆದು ಮೊಣಕಾಲು ಕೈಕೊಟ್ಟಾಗ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ಹಾವನ್ನು ಒಯ್ಯುವಂತಿರಲಿಲ್ಲ. ಅಬುಧಾಬಿಯ ಖಲೀಫಾ ಸಿಟಿಯಲ್ಲಿ, ಮೊದಲೇ ಹಾವು ಸಾಕಿ ಗೊತ್ತಿದ್ದ ಶಿಕ್ಷಕ ದಂಪತಿ ಒಪ್ಪಿಕೊಂಡರು. ನಾನೂ ಜೊತೆಗೆ ಹೋಗಿದ್ದೆ. ಬಾಯಮ್ಮ ಮೊದಲು ಅವರ ಪೆಟ್ಟಿಗೆಗೆ ಕೈಹಾಕಿ, ಹಾಸಿದ್ದನ್ನು ಒಂದು ಹಿಡಿ ಎತ್ತಿ ಮೂಸಿ ನೋಡಿದರು. ತೆಂಗಿನ ನಾರು. ಆಮೇಲಷ್ಟೇ ಹಾವನ್ನು ಕೊಟ್ಟರು.

ಬಾಯಮ್ಮ ಊರಿನಲ್ಲಿ ತೀರಿಕೊಂಡು ಈಗ ಎರಡು ವರ್ಷವಾಯಿತು. ಮೊನ್ನೆ ತಡೆಯಲಾಗದೆ ಆ ದಂಪತಿಗೆ ಫೋನು ಮಾಡಿದೆ. ಹಾವು ಚೆನ್ನಾಗಿದೆಯಂತೆ, ಈಚೆಗೆ ಪೊರೆ ಬಿಟ್ಟಿತಂತೆ. ಬಾಯಮ್ಮನಿಗೆ ಹೇಳಬೇಕು ಅಂದುಕೊಂಡೆ. ಮರುಗಳಿಗೆಯಲ್ಲೇ, ಹೇಳುವುದಕ್ಕೆ ಅವರಿಲ್ಲ ಎಂಬುದು ಮತ್ತೆ ಹೊಸದಾಗಿ ತಿಳಿಯಿತು.