ಹೊರಗಿಟ್ಟ ಬುತ್ತಿ

ನಮ್ಮ ಅಕ್ಕೋರ ಇಳಕಲ್ ಸೀರೆಯ ನಿರಿಗೆ ಬೆಳಿಗ್ಗೆ ಹೇಗಿತ್ತೋ ಸಂಜೆ ಐದಕ್ಕೂ ಹಾಗೇ ಇರುತ್ತಿತ್ತು. ಕೂತರೆ ತಾನೆ ಮುರಿಯುವುದು? ಅವರು ಕ್ಲಾಸಿನಲ್ಲಿ ಕೂತವರೇ ಅಲ್ಲ. ಧಾರವಾಡದ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಅವರನ್ನು ಯಾರಾದರೂ ‘ಮೇಡಂ’ ಎಂದರೆ, “ಅಕ್ಕೋರು ಅಂದ್ರ ನಾಲಿಗಿ ಸವದು ಹೋಗತದೇನು?” ಎನ್ನುತ್ತಿದ್ದರು. ಬೈಯುವಾಗಲೂ ದನಿ ಏರುತ್ತಿರಲಿಲ್ಲ. ಜವಾನನಿಗೂ ‘ಬರ್ರಿ’, ಹದಿನೇಳರ ನಮಗೂ ‘ಕೂಡ್ರಿ’. ಮಾತು ಎತ್ತರವಾದರೆ ಮನುಷ್ಯನೂ ಎತ್ತರವಾಗುತ್ತಾನೆ ಎಂಬುದು ಅವರ ನಿತ್ಯದ ಮಂತ್ರ.

ಆ ಎತ್ತರದಿಂದಲೇ ಒಂದು ದಿನ ನನ್ನನ್ನು ಕೆಳಗೆ ನೂಕಿದರು. ಇಪ್ಪತ್ತು ವರ್ಷ ನಾನದನ್ನು ಮರೆಯಲಿಲ್ಲ. ಮರೆಯಬಾರದೆಂದೇ ಮರೆಯಲಿಲ್ಲ.

ನನ್ನ ಊರು ಉಪ್ಪಿನಬೆಟಗೇರಿ. ಧಾರವಾಡದಲ್ಲಿ ಬಾಡಿಗೆ ಖೋಲಿಯಲ್ಲಿದ್ದೆ. ಓದುವ ಮಕ್ಕಳಿಗೆ ಹಳ್ಳಿಯ ಮನೆಯಿಂದ ಬೆಳಗಿನ ಬಸ್ಸಿನಲ್ಲಿ ಬುತ್ತಿ ಬರುವುದು ನಮ್ಮ ಕಡೆಯ ರೂಢಿ. ಅವ್ವ ನಸುಕಿನಲ್ಲೆದ್ದು ರೊಟ್ಟಿ ಬಡಿದು, ಅರಿವೆಯಲ್ಲಿ ಕಟ್ಟಿ, ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ನಾನು ಬಸ್‌ಸ್ಟ್ಯಾಂಡಿನಲ್ಲಿ ಇಸಿದುಕೊಂಡು ಸೀದಾ ಕ್ಲಾಸಿಗೆ ಓಡುತ್ತಿದ್ದೆ. ಅಂದು ಪುಂಡಿಪಲ್ಯದ ಎಣ್ಣೆ ಅರಿವೆಗೆ ಇಳಿದು, ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಕ್ಲಾಸೆಲ್ಲ ಹರಡಿತು. ಹಿಂದಿನ ಬೆಂಚು ನಕ್ಕಿತು. ಅಕ್ಕೋರು ಪುಸ್ತಕ ಮುಚ್ಚಿದರು.

“ತಂಗೀ, ಎತ್ತರದ ಮಾತು ಕಲೀಲಿಕ್ಕೆ ಬಂದೀರಿ. ಆ ವಾಸನೀ ಹೊರಗಿಟ್ಟು ಬರ್ರಿ.”

ಮರ್ಯಾದೆ ಕೊಟ್ಟೇ ಮರ್ಯಾದೆ ಕಳೆದರು. ಅದೇ ಹೆಚ್ಚು ಉರಿಯಿತು.

ಕ್ಲಾಸು ಮುಗಿಸಿ ಬಂದರೆ ವರಾಂಡದಲ್ಲಿ ಬೀದಿ ದನವೊಂದು ಅರಿವೆಯನ್ನೂ ಜಗಿಯುತ್ತಿತ್ತು. ಆ ವಾರವೇ ಊರಿಗೆ ಹೋಗಿ, “ಇನ್ನ ಬುತ್ತಿ ಕಳಸಬ್ಯಾಡಬೇ. ಖಾನಾವಳಿ ಊಟನ ಛಲೋ ಐತಿ,” ಎಂದೆ. ಕಾರಣ ಹೇಳಲು ನನಗೆ ನಾಚಿಕೆ.

ಸೇಡಿಗಾಗಿ ಓದಿದೆ. ಅಕ್ಕೋರಿಗಿಂತ ಚೆನ್ನಾಗಿ ಮಾತಾಡಬೇಕು, ಅದೂ ಅವರೆದುರೇ, ಅವರ ಬಗ್ಗೆಯೇ. ಅವರು ತಿದ್ದಿದ ಪ್ರತಿ ಪ್ರಬಂಧವನ್ನೂ ಹಲ್ಲು ಕಚ್ಚಿ ಮತ್ತೆ ಬರೆದೆ. ಹುಬ್ಬಳ್ಳಿಯ ವಿದ್ಯಾನಗರದ ಕಾಲೇಜೊಂದರಲ್ಲಿ ಕನ್ನಡ ಕಲಿಸುವ ನೌಕರಿಯೂ ಸಿಕ್ಕಿತು. ಕಡೆಗೊಮ್ಮೆ ಅವರ ಸನ್ಮಾನಕ್ಕೆ, ಹಳೆಯ ವಿದ್ಯಾರ್ಥಿನಿಯೆಂದು ಧಾರವಾಡದ ಕಾಲೇಜಿನವರು ನನ್ನನ್ನೇ ಮಾತಿಗೆ ಕರೆದರು. ರೊಟ್ಟಿ ಜಾರಿ ತುಪ್ಪದಲ್ಲಿ ಬಿತ್ತು. ಅವ್ವನನ್ನೂ ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂಡಿಸಿದೆ.

ಶಾಲು ಹೊದ್ದು ಕೂತ ಅಕ್ಕೋರ ಮುಖ ನೋಡುತ್ತಲೇ ಎಲ್ಲ ಹೇಳಿದೆ. ಬುತ್ತಿ, ನಗು, ದನ, ಒಂದನ್ನೂ ಬಿಡಲಿಲ್ಲ. ಎಲ್ಲಿಯೂ ಎಡವಲಿಲ್ಲ. ನನಗೆ ಹಾಯೆನಿಸಿತು, ಸುಳ್ಳೇಕೆ ಹೇಳಲಿ.

ಅಕ್ಕೋರು ಮೈಕು ಮುಟ್ಟಲಿಲ್ಲ. ಶಾಲು ತೆಗೆದಿಟ್ಟು, ಮೆಟ್ಟಿಲಿಳಿದು, ಅವ್ವನ ಮುಂದೆ ಕೈಮುಗಿದು ನಿಂತರು.

“ನನ್ನದು ತಪ್ಪಾತ್ರಿ. ಅನ್ನಕ್ಕ ಅವಮಾನ ಮಾಡೀನಿ.”

ಅವ್ವ ಗಡಬಡಿಸಿ ಎದ್ದಳು. “ದನಾ ತಿಂತಲ್ರಿ, ಹಾಳಾಗಲಿಲ್ಲ ಬಿಡ್ರಿ. ನೀವೂ ಒಮ್ಮೆ ತಿಂದು ನೋಡ್ರಿ, ಕಳಸ್ತೇನಿ.” ಆಮೇಲೆ, ಹಿಂದೆಯೇ ಇಳಿದು ಬಂದಿದ್ದ ನನ್ನತ್ತ ತಿರುಗಿ ಮೆಲ್ಲಗೆ, “ನನಗ್ಯಾಕ ಹೇಳಲಿಲ್ಲ? ನನ್ನ ರೊಟ್ಟಿ ನಿನಗ ಸೇರವಲ್ವು ಅಂತ ಇಷ್ಟು ವರ್ಷ ತಿಳಕೊಂಡಿದ್ದೆ,” ಎಂದಳು.

ಅಂದಿನಿಂದ ಪ್ರತಿ ಸೋಮವಾರ ಉಪ್ಪಿನಬೆಟಗೇರಿ ಬಸ್ಸಿನಲ್ಲಿ ಅಕ್ಕೋರಿಗೆ ಬುತ್ತಿ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಅದೇ ಇಳಕಲ್ ಸೀರೆಯಲ್ಲಿ ನಿಂತು, ತಾವೇ ಇಸಿದುಕೊಂಡು ಎದೆಗವಚಿ ಒಯ್ಯುತ್ತಿದ್ದರು. ಎಣ್ಣೆ ಸೀರೆಗೆ ಹತ್ತುತ್ತಿತ್ತು. ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಸೇಡನ್ನೂ ತಿಂದರು, ನನ್ನ ರೊಟ್ಟಿಯನ್ನೂ ತಿಂದರು. ಅಂದು ಚೆನ್ನಾಗಿ ಮಾತಾಡಿದವಳು ನಾನು. ಜನ ಇಂದಿಗೂ ನೆನೆಯುವುದು ಅವರು ಮೆಟ್ಟಿಲಿಳಿದದ್ದನ್ನು.

ಹೋದ ವರ್ಷ ಒಂದು ಸೋಮವಾರ ಬೆಳಗಾಗುವಷ್ಟರಲ್ಲಿ ಅಕ್ಕೋರು ತೀರಿಕೊಂಡಿದ್ದರು. ಅವ್ವನಿಗೆ ಸುದ್ದಿ ಮುಟ್ಟುವ ಮೊದಲೇ ಬುತ್ತಿ ಬಸ್ಸು ಹತ್ತಿತ್ತು. ಧಾರವಾಡದ ಕೆಲಗೇರಿಯ ಅವರ ಮನೆಯಲ್ಲಿ ಕೊನೆಯ ದರ್ಶನ ಮಾಡಿ, ಬಸ್‌ಸ್ಟ್ಯಾಂಡಿಗೆ ಹೋಗಿ ನಾನೇ ಇಸಿದುಕೊಂಡೆ. ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಕ್ಲಾಸಿತ್ತು. ರಜೆ ಹಾಕಲಿಲ್ಲ; ಅಕ್ಕೋರೂ ಎಂದೂ ಹಾಕಿದವರಲ್ಲ. ಪುಂಡಿಪಲ್ಯದ ವಾಸನೆಗೆ ಮುಂದಿನ ಬೆಂಚಿನ ಹುಡುಗಿಯರು ಮೂಗು ಮುಚ್ಚಿಕೊಂಡರು. ನಾನು ಬುತ್ತಿಯನ್ನು ಮೇಜಿನ ನಟ್ಟನಡುವೆ ಇಟ್ಟು, ಕೂರದೆ, ಅಕ್ಕೋರ ದನಿಯಲ್ಲಿಯೇ ಪಾಠ ಶುರು ಮಾಡಿದೆ.