ಕೆಂಪು ಗಾಜಿನೊಳಗೆ ಒಂದು ಚಿಟಿಕೆ ಭಂಡಾರ

ಎರಡು ಸ್ಕ್ರೂ ಬಿಚ್ಚಿ ಎಡಗಡೆಯ ಕೆಂಪು ಗಾಜನ್ನು ಕೈಗೆ ತೆಗೆದುಕೊಂಡಾಗ ಮೊದಲು ಬಂದದ್ದು ಅರಿಸಿನದ ವಾಸನೆ. ಜೊತೆಗೆ ತುಕ್ಕು, ಹಳೆಯ ರಬ್ಬರು, ಎಂದೋ ಸುಟ್ಟ ವೈರಿನ ಕಮಟು ಎಲ್ಲ ಇತ್ತು, ಆದರೆ ಅರಿಸಿನವೇ ಮುಂದಾಗಿತ್ತು. ಪುಣೆಯ ಖರಾಡಿಯ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ, ಒಂದೇ ಮುಖದ ಬಿಳಿ ಕಾರುಗಳ ಸಾಲಿನ ಕೊನೆಗೆ, ಕಾಕಾನ ದುಂಡು ಮೂಗಿನ ಹಳೆಯ ಕಾರು ಆರು ವರ್ಷಗಳಿಂದ ಹೊದಿಕೆಯಡಿ ನಿಂತಿದೆ. ಕಾಕಾ ಎಂದರೆ ಅಪ್ಪನ ತಮ್ಮ. ಅವನು ಹೋದ ಮೇಲೆ ಕಾರು ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಬಂತು. ಸೋಮವಾರ ಅದರ ತಪಾಸಣೆ. ಪಾಸಾದರೆ ಇನ್ನಷ್ಟು ವರ್ಷ ರಸ್ತೆಯ ಮೇಲೆ ಓಡಾಡಬಹುದು, ಇಲ್ಲವಾದರೆ ಗುಜರಿಗೆ ಹಾಕಿಬಿಡುವುದು ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದಾರೆ. ಎಂಜಿನ್ ಚೆನ್ನಾಗಿದೆ, ಬ್ರೇಕೂ ಚೆನ್ನಾಗಿದೆ. ಕೆಟ್ಟಿರುವುದು ಹಿಂಬದಿಯ ಈ ಎಡ ದೀಪ ಒಂದೇ. ಬ್ರೇಕ್ ಒತ್ತಿದರೆ ಅದು ಬೆಳಗುವ ಬದಲು ಮಂಕಾಗುತ್ತದೆ.

ಮೇಲಿನ ಮಹಡಿಯ ಪ್ರಸನ್ನ ಎಂಬ ಮೈಸೂರಿನ ಇಂಜಿನಿಯರು ಹಾದುಹೋಗುವಾಗ ಬಗ್ಗಿ ನೋಡಿದ. "ಆಂಟಿ, ಹೋಲ್ಡರ್ ಫುಲ್ ವೋರ್ನ್ ಔಟ್ ಆಗಿದೆ. ಆನ್‌ಲೈನಲ್ಲಿ ಎಲ್‌ಇಡಿ ಕಿಟ್ ಸಿಗತ್ತೆ, ಟೆನ್ ಮಿನಿಟ್ಸ್ ಕೆಲಸ ಅಷ್ಟೇ" ಎಂದ. ಆಂಟಿ ಎನ್ನುವವರ ಸಲಹೆಯನ್ನು ನಾನು ಸಾಮಾನ್ಯವಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ, ಆದರೆ ಅವನು ಹೇಳಿದ್ದು ಸುಳ್ಳಲ್ಲ. ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸುವ ಹಿತ್ತಾಳೆಯ ಬಟ್ಟಲು ಒಳಗೆಲ್ಲ ಹಸಿರುಗಟ್ಟಿತ್ತು, ತಳದ ಸ್ಪ್ರಿಂಗ್ ಸೋತು ಮಲಗಿತ್ತು. ಅದರ ಸುತ್ತ ಏನೋ ಹಳದಿ ಹೆಪ್ಪುಗಟ್ಟಿತ್ತು. "ಇದೇನು, ಗ್ರೀಸಾ?" ಎಂದು ಕೇಳಿದ. "ಅಲ್ಲ, ದೇವರದು" ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಲಿಫ್ಟಿನ ಕಡೆಗೆ ನಡೆದ.

ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ ಇತ್ತು. ಈಗ ಅಲ್ಲಿ ಟೆಂಪೋಗಳು ನಿಲ್ಲುತ್ತವೆ. ಒಮ್ಮೆ ಹೋಗಿ ನೋಡಿ ಬಂದಿದ್ದೇನೆ, ಇನ್ನೊಮ್ಮೆ ಹೋಗುವ ಆಸೆಯಿಲ್ಲ. ಕೆಳಗೆ ಬೆಲ್ಲ ಮತ್ತು ಮೆಣಸಿನಕಾಯಿಯ ಅಂಗಡಿ, ಮೇಲೆ ನಾವು ಒಂಬತ್ತು ಮಂದಿ. ಬ್ಯಾಡಗಿಯ ಚೀಲ ಬಿಚ್ಚಿದ ದಿನ ಮನೆಮಂದಿಯೆಲ್ಲ ಸೀನುತ್ತಲೇ ಊಟ ಮಾಡುತ್ತಿದ್ದೆವು, ಬಂದ ನೆಂಟರು ನಮಗೆಲ್ಲ ನೆಗಡಿಯಾಗಿದೆ ಎಂದುಕೊಳ್ಳುತ್ತಿದ್ದರು. ಅಂಗಳದಲ್ಲಿ ಹಮಾಲರ ಮರಾಠಿ, ಅಡುಗೆಮನೆಯಲ್ಲಿ ನಮ್ಮ ಕನ್ನಡ, ಎರಡರ ನಡುವೆ ರೊಟ್ಟಿ ಬಡಿಯುವ ಸದ್ದು. ಮೆಟ್ಟಿಲ ಪಕ್ಕದ ತಗಡಿನ ಶೆಡ್ಡಿನಲ್ಲಿ, ಗೋಣಿಯ ಮತ್ತು ಬೆಲ್ಲದ ವಾಸನೆ ಹೀರುತ್ತ, ಈ ಕಾರು. ಮನೆಯ ಯಜಮಾನಿಕೆ ಆಯಿಯದು, ಅಂದರೆ ಅಪ್ಪನ ತಾಯಿಯದು. ವಿಜಾಪುರದ ಕಡೆಯಿಂದ ಮದುವೆಯಾಗಿ ಪುಣೆಗೆ ಬಂದು ನಲವತ್ತು ವರ್ಷವಾಗಿದ್ದರೂ ಅವಳು ಮರಾಠಿಯನ್ನು ಬೈಯುವುದಕ್ಕೆ ಮಾತ್ರ ಬಳಸುತ್ತಿದ್ದಳು.

ಆಯಿಯ ದೇವರು ಜೇಜುರಿಯ ಖಂಡೋಬಾ, ಅವಳ ಬಾಯಲ್ಲಿ ಮೈಲಾರಲಿಂಗ. ವರ್ಷಕ್ಕೊಮ್ಮೆ ಕಾರಿನಲ್ಲಿ ಒತ್ತೊತ್ತಾಗಿ ಕೂತು ಹೋಗುತ್ತಿದ್ದೆವು. ಗುಡ್ಡದ ಮೇಲೆ ಭಂಡಾರ, ಎಂದರೆ ಅರಿಸಿನದ ಪುಡಿ, ಎರಚಾಡಿ ಹಳದಿಯಾಗಿ ಇಳಿದು ಬಂದ ಮೇಲೆ ಕಾರಿನ ಸರದಿ. ಬಾನೆಟ್ಟಿಗೆ, ಸ್ಟಿಯರಿಂಗಿಗೆ ಎಲ್ಲರೂ ಹಚ್ಚುತ್ತಾರೆ, ಆಯಿಗೆ ಅಷ್ಟು ಸಾಲುತ್ತಿರಲಿಲ್ಲ. ಕಾಕಾನಿಂದ ಹಿಂಬದಿಯ ಎರಡೂ ಕೆಂಪು ಗಾಜು ಬಿಚ್ಚಿಸಿ, ಬಲ್ಬು ತೆಗೆಸಿ, ಹೋಲ್ಡರಿನೊಳಗೆ ಒಂದೊಂದು ಚಿಟಿಕೆ ಭಂಡಾರ ಹಾಕುತ್ತಿದ್ದಳು. ಮುಂಬದಿಯ ದೀಪಗಳ ಗೋಜಿಗೇ ಹೋಗುತ್ತಿರಲಿಲ್ಲ. "ಅವು ನಮಗ ದಾರಿ ತೋರಸ್ತಾವ. ಇವು ಲಾರಿಯವಗ ನಮ್ಮನ್ನ ತೋರಸ್ತಾವ. ಇವ ಭಾಳ ದೊಡ್ಡವು" ಎನ್ನುತ್ತಿದ್ದಳು. ನಾನು ಹುಟ್ಟುವ ಮೊದಲು, ಒಂದು ಮುಸ್ಸಂಜೆ, ಅಜ್ಜ ಘಾಟಿನ ಇಳಿಜಾರಿನಲ್ಲಿ ಬೆಲ್ಲ ತುಂಬಿದ ಟೆಂಪೋದ ಚಕ್ರ ಬದಲಿಸುತ್ತ ಕೂತಿದ್ದನಂತೆ. ಟೆಂಪೋಕ್ಕೆ ಹಿಂಬದಿಯ ದೀಪ ಇರಲಿಲ್ಲ. ಇಳಿದು ಬಂದ ಲಾರಿಯವನಿಗೆ ಅಜ್ಜ ಕಾಣಲಿಲ್ಲ.

ಆದರೆ ಭಂಡಾರ ತೇವ ಹೀರುತ್ತದೆ. ಮಳೆಗಾಲ ಬಂತೆಂದರೆ ಹಿತ್ತಾಳೆ ಹಸಿರಾಗಿ, ಸ್ಪ್ರಿಂಗ್ ತುಕ್ಕು ಹಿಡಿದು, ಆಯಿ ಯಾವ ದೀಪ ಕಾಯಲೆಂದು ಹಾಕಿದ್ದಳೋ ಅದೇ ದೀಪ ಆರಿಹೋಗುತ್ತಿತ್ತು. ಕಾಕಾನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮಳೆ ಹಿಡಿದ ವಾರದೊಳಗೆ, ಮಧ್ಯಾಹ್ನ ಆಯಿ ಅಡ್ಡಾದ ಹೊತ್ತು ನೋಡಿ, ಅವನು ಶೆಡ್ಡಿಗೆ ಹೋಗಿ ಗಾಜು ಬಿಚ್ಚುತ್ತಿದ್ದ. ಪೆನ್ಸಿಲಿಗೆ ಮರಳುಕಾಗದ ಸುತ್ತಿ ಬಟ್ಟಲಿನೊಳಗೆ ತಿರುವಿ ತಿರುವಿ ಹೊಳಪು ತರಿಸಿ, ಸೋತ ಸ್ಪ್ರಿಂಗಿನ ಬದಲು ಬಾಲ್‌ಪೆನ್ನಿನ ಸ್ಪ್ರಿಂಗ್ ಕೂರಿಸುತ್ತಿದ್ದ. ನಾನು ಸ್ಕ್ರೂ ಹಿಡಿದುಕೊಂಡು ಪಕ್ಕದಲ್ಲಿ ಕೂತಿರುತ್ತಿದ್ದೆ. ಸಂಜೆ ಆಯಿ ಎದ್ದ ಮೇಲೆ ಪರೀಕ್ಷೆ. ಕಾಕಾ ಒಳಗೆ ಕೂತು ಬ್ರೇಕ್ ಒತ್ತಿ, "ಹತ್ತ್ಯಾವೇನ?" ಎಂದು ಕೂಗುವುದು, ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತ ಆಯಿ ಓಣಿಗೆಲ್ಲ ಕೇಳುವಂತೆ, "ಹತ್ತ್ಯಾವ! ಎಲ್ಲಾ ಮೈಲಾರಲಿಂಗನ ದಯಾ!" ಎನ್ನುವುದು. ಕಾಕಾ ಕನ್ನಡಿಯಲ್ಲಿ ನನಗೆ ಕಣ್ಣು ಮಿಟುಕಿಸುತ್ತಿದ್ದ.

ನನಗೆ ಹತ್ತು ವರ್ಷವಿದ್ದಾಗ ಜೇಜುರಿಯಲ್ಲಿ ನನ್ನ ಹೊಸ ಫ್ರಾಕಿನ ಮೇಲೆ ಆಯಿ ಒಂದು ಮುಷ್ಟಿ ಭಂಡಾರ ಸುರಿದಳು. ಸಿಟ್ಟು ನೆತ್ತಿಗೇರಿತು. ಕೆಳಗೆ ಬಂದು ಅವಳು ಚಿಟಿಕೆ ಹಿಡಿದು ಕಾರಿನ ಹಿಂದೆ ಬಗ್ಗಿದಾಗ ನಾನು ಎಲ್ಲರೆದುರು ಕಿರುಚಿದೆ: "ನಿನ್ನ ಭಂಡಾರದಿಂದನ ದೀಪ ಕೆಡ್ತಾವ ಆಯಿ! ಕಾಕಾ ಪ್ರತಿ ವರ್ಷಾ ಕದ್ದು ಕದ್ದು ಕೆರೀತಾನ!" ಆಯಿ ಕಾಕಾನ ಕಡೆ ತಿರುಗಿ, "ಖರೇನ?" ಎಂದಳು. ಕಾಕಾ ಸ್ಕ್ರೂಡ್ರೈವರನ್ನು ಒರೆಸುತ್ತಲೇ ಇದ್ದ. ಅವಳು ಚಿಟಿಕೆಯನ್ನು ಮತ್ತೆ ಚೀಲಕ್ಕೆ ಉದುರಿಸಿ ದಾರ ಕಟ್ಟಿದಳು. ವಾಪಸು ಬರುವಾಗ ಘಾಟು ದಾಟುವವರೆಗೂ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತು ಗಾಜಿನಲ್ಲಿ ರಸ್ತೆ ನೋಡುತ್ತಿದ್ದಳು. ಆಮೇಲೆ ಬದುಕಿದ್ದ ಎಂಟು ವರ್ಷ ಅವಳು ದೀಪಕ್ಕೆ ಭಂಡಾರ ಹಾಕಲಿಲ್ಲ. ದೀಪ ಕೆಡಲೂ ಇಲ್ಲ. ಪರೀಕ್ಷೆಗೆ ಮಾತ್ರ ಬಂದು ನಿಂತು "ಹೂಂ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಿದ್ದಳು. ನಾನು ಆಡಿದ್ದು ನಿಜವೇ ಆಗಿತ್ತು, ಅದನ್ನೇ ಆಸರೆ ಮಾಡಿಕೊಂಡು ಅವಳಲ್ಲಿ ತಪ್ಪಾಯಿತು ಅನ್ನದೆ ಉಳಿದೆ. ಈಗ ಅದಕ್ಕೆ ನಾಚಿಕೆಯಾಗುತ್ತದೆ.

ಹಾಗಾದರೆ ಈ ಭಂಡಾರ ಯಾರದು? ಬಲಗಡೆಯ ಗಾಜನ್ನೂ ಬಿಚ್ಚಿದೆ. ಅಲ್ಲೂ ಒಂದು ಚಿಟಿಕೆ ಇತ್ತು. ಈ ಹೋಲ್ಡರುಗಳನ್ನು ಕಾಕಾ ಜೀವಮಾನದಲ್ಲಿ ಬೇರೆಯವರಿಗೆ ಮುಟ್ಟಗೊಟ್ಟವನಲ್ಲ. ಭಂಡಾರದಿಂದ ಏನಾಗುತ್ತದೆಂದು ಅವನಿಗಿಂತ ಹೆಚ್ಚು ತಿಳಿದವರೂ ಇರಲಿಲ್ಲ. ಆಯಿ ಹೋದ ಮೇಲೂ ಅವನು ಒಬ್ಬನೇ ಜೇಜುರಿಗೆ ಹೋಗಿ ಬರುತ್ತಿದ್ದ, ಹಾಕುವುದೂ ಕೆರೆಯುವುದೂ ಒಬ್ಬನದೇ ಆಗಿದ್ದಿರಬೇಕು. ಕೊನೆಯ ಸಲ ಹಾಕಿದ್ದನ್ನು ಕೆರೆಯಲು ಅವನಿಗೆ ಪುರಸೊತ್ತು ಸಿಗಲಿಲ್ಲ.

ಹೇರ್‌ಪಿನ್ನಿನಿಂದ ಹಳದಿಯನ್ನು ಎಬ್ಬಿಸಿ ಕಾಗದಕ್ಕೆ ಕೆಡವಿದೆ. ಪೆನ್ಸಿಲಿಗೆ ಮರಳುಕಾಗದ ಸುತ್ತಿದೆ, ಒಂದು ಬಾಲ್‌ಪೆನ್ನನ್ನು ಬಲಿ ಕೊಟ್ಟೆ, ಹೊಸ ಅರ್ಥ್ ವೈರನ್ನು ಕಾರಿನ ಮೈಗೆ ಬಿಗಿದೆ. ಎರಡೂ ಬಲ್ಬು ಕೂರಿಸಿ, ಒಳಗೆ ಹೋಗಿ ಬ್ರೇಕ್ ಒತ್ತಿ, ಅಭ್ಯಾಸಬಲದಿಂದ "ಹತ್ತ್ಯಾವೇನ?" ಎಂದು ಕೂಗಿಬಿಟ್ಟೆ. ನೆಲಮಾಳಿಗೆಯಲ್ಲಿ ನನ್ನ ದನಿಯೇ ಸುತ್ತಾಡಿತು. ಆಚೆ ಕುರ್ಚಿಯಲ್ಲಿದ್ದ ವಾಚ್‌ಮನ್ ಏನು ಕೇಳಿದೆನೆಂದು ತಿಳಿಯದಿದ್ದರೂ ಎದ್ದು ಬಂದು ಹಿಂದೆ ನಿಂತು, "ದೋನ್ಹೀ ಲಾಗಲೇ, ತಾಈ" ಎಂದ. ಎರಡೂ ಹತ್ತಿದ್ದವು. ಕನ್ನಡಿಯಲ್ಲಿ ಗೋಡೆ ಕೆಂಪಾಗಿ ಕಾಣುತ್ತಿತ್ತು, ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ ವಾಚ್‌ಮನ್. ಸ್ವಲ್ಪ ಹೊತ್ತು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.

ಸೋಮವಾರ ಪಾಸಾಗುತ್ತದೆ, ಅನುಮಾನವಿಲ್ಲ. ಗಾಜು ಮುಚ್ಚುವ ಮೊದಲು ಬಲ್ಬುಗಳನ್ನು ಮತ್ತೆ ಹೊರತೆಗೆದೆ. ಕಾಗದದಲ್ಲಿದ್ದ ಹಳದಿಯನ್ನು ಬೆರಳಲ್ಲಿ ಪುಡಿ ಮಾಡಿ, ಹೊಳೆಯುವ ಹಿತ್ತಾಳೆಯೊಳಗೆ ಎಡಕ್ಕೊಂದು ಬಲಕ್ಕೊಂದು ಚಿಟಿಕೆ ಹಾಕಿ, ಬಲ್ಬು ತಿರುಗಿಸಿ ಸ್ಕ್ರೂ ಬಿಗಿದೆ. ಮಳೆಗಾಲಕ್ಕೆ ಕೆಡುತ್ತದೆ. ಕೆಡಲಿ, ಬಿಚ್ಚುವುದು ನನಗೆ ಬರುತ್ತದೆ.