ಧಾರೆ ಹೊತ್ತಿನ ಮಾತ್ರೆ

ಬಾಯಿ ಜೋರು ಅಂತ ಶಾಂತಿಗ್ರಾಮದಲ್ಲಿ ನನಗೆ ಹೆಸರಿದೆ. ಇರಲಿ ಬಿಡಿ, ಸುಳ್ಳೇನಲ್ಲ. ಇಪ್ಪತ್ತೆರಡು ವರ್ಷ ಹಿಟ್ಟಿನ ಮಿಲ್ ನಡೆಸಿದವಳು ನಾನು. ಕುಡಿದು ಬಂದು, ಸರದಿ ಬಿಟ್ಟು ರಾಗಿ ಚೀಲ ಮುಂದಕ್ಕೆ ತಳ್ಳಿದೋರ ಚೀಲವನ್ನು ರಸ್ತೆಗೇ ಎಸೆದಿದ್ದೀನಿ. ಅಂಥವಳಿಗೆ ಮೂರು ವರ್ಷದ ಹಿಂದೆ ಪಾರ್ಕಿನ್ಸನ್ ಕಾಯಿಲೆ ಬಂತು. ಬಲಗೈ ನಡುಗೋದು, ಕಾಲು ನೆಲಕ್ಕೆ ಅಂಟಿಕೊಂಡಂಗೆ ಆಗೋದು. ನೋಡಿದೋರೆಲ್ಲ ‘ಅಯ್ಯೋ ಪಾಪ’ ಅಂದರು. ಈ ಅಯ್ಯೋ ಪಾಪದೋರ ಬಾಯಿಗೆ ಮಣ್ಣು ಹಾಕ! ಅವರನ್ನು ಕಂಡರೆ ನನಗೆ ಈಗಲೂ ಮೈ ಉರೀತದೆ.

ಆದರೆ ನಡುಕಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಭಯ. ಮಾತ್ರೆಯ ಗುಣ ಇಳಿಯೋ ಹೊತ್ತಿಗೆ, ಕಾರಣವೇ ಇಲ್ಲದೆ ಎದೆ ಡವಡವ ಅನ್ನೋದು, ಬಾಯಿ ಒಣಗೋದು. ಬಾಗಿಲಲ್ಲಿ ಯಾರಾದರೂ ಬಂದು ನಿಂತರೆ ಸಾಕು, ಏನೋ ಕೆಟ್ಟದ್ದು ಆಗಿಹೋಯ್ತು ಅನ್ನಿಸೋದು. ಹಾಸನದ ಡಾಕ್ಟರಮ್ಮನಿಗೆ ಮಾತ್ರ, ಗಂಡನನ್ನು ಹೊರಗೆ ಕೂರಿಸಿ, ಹೇಳಿದೆ.

“ಇದೂ ಕಾಯಿಲೆಯದೇ ಭಾಗ ಅಮ್ಮ, ಪುಕ್ಕಲುತನ ಅಲ್ಲ,” ಅಂದರು ಅವರು. “ಮೆದುಳಲ್ಲಿ ಭಯ ಹುಟ್ಟೋ ಜಾಗ ಒಂದಿದೆ. ‘ಏನಿಲ್ಲ, ಸುಮ್ನಿರು’ ಅಂತ ಅದನ್ನ ತಡೆಯೋ ಜಾಗ ಬೇರೆ ಇದೆ. ಕೆಲವರಲ್ಲಿ ಅವೆರಡರ ನಡುವಿನ ಸಂಪರ್ಕ ಏರುಪೇರಾಗಿರುತ್ತೆ ಅಂತ ಸಂಶೋಧನೆ ಮಾಡೋರು ಹೇಳ್ತಾರೆ. ಆದರೆ ನಿಮ್ಮೊಬ್ಬರ ಸ್ಕ್ಯಾನ್ ತೆಗೆದು ‘ಇಗೋ ಇಲ್ಲಿದೆ’ ಅಂತ ತೋರಿಸೋಕೆ ಆಗಲ್ಲ.”

“ಅಂದ್ರೆ ಮೋಟಾರೂ ಸರಿ, ಕಲ್ಲೂ ಸರಿ, ಬೆಲ್ಟು ಜಾರ್ತಾ ಇದೆ,” ಅಂದೆ.

“ಹಂಗೇ ಅನ್ಕೊಳ್ಳಿ. ಮಾತ್ರೆ ಹೊತ್ತು ತಪ್ಪಿಸ್ಬೇಡಿ. ಮನೆಯೋರಿಗೂ ಹೇಳಿ.”

ಮನೆಯೋರಿಗೆ ಹೇಳಲಿಲ್ಲ. ಊರಿಗೆಲ್ಲ ಬೈದವಳು ಈಗ ಬಾಗಿಲ ಸದ್ದಿಗೆ ಬೆಚ್ಚಿಬೀಳ್ತಾಳೆ ಅಂತ ಗೊತ್ತಾದರೆ, ಆಡಿಕೊಳ್ಳೋರ ಮುಂದೆ ಜಾರಿ ಬಿದ್ದಂಗೆ ಆಗ್ತಿತ್ತು. ಮಾತ್ರೆ ಕೈನಡುಕಕ್ಕೆ ಅಂತಲೇ ಎಲ್ಲರೂ ತಿಳಿದಿದ್ದರು.

ಹೋದ ವರ್ಷ ಮಗಳ ಮದುವೆ, ಚನ್ನರಾಯಪಟ್ಟಣದ ಒಂದು ಛತ್ರದಲ್ಲಿ. ಹತ್ತೂವರೆಗೆ ಧಾರೆ. ಇರೋಳು ಒಬ್ಬಳೇ ಮಗಳು. ನಾನೇ ನಿಂತು ಅವಳ ಕೈಮೇಲೆ ಹಾಲು ಬಿಡಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ. ಚೊಂಬಿಗೆ ನೀರು ತುಂಬಿಕೊಂಡು ಹಿತ್ತಲಲ್ಲಿ ಒಂದು ತಿಂಗಳು ಅಭ್ಯಾಸ ಮಾಡಿದ್ದೆ.

ಅವತ್ತು ಬೆಳಿಗ್ಗೆ ಎಂಟಕ್ಕೆ ಮಾತ್ರೆ ಬಾಯಿಗೆ ಹಾಕೋಕೆ ಹೋದೆ. ಗಂಡನ ಅಕ್ಕ, ಮಲ್ಲಿಪಟ್ಟಣದೋಳು, ಗಬಕ್ಕನೆ ಕೈ ಹಿಡಿದಳು. “ಏನೇ ಇದು! ಧಾರೆ ಎರೆಯೋರು ಉಪವಾಸ ಇರ್ಬೇಕು ಅಂತ ಗೊತ್ತಿಲ್ವಾ? ತೊಟ್ಟು ನೀರೂ ಕುಡಿಯಂಗಿಲ್ಲ.”

“ಮಾತ್ರೆ ಅಕ್ಕಾ, ಊಟ ಅಲ್ಲ.”

“ಗಂಟ್ಲಲ್ಲಿ ಇಳಿದ್ಮ್ಯಾಲೆ ಎಲ್ಲಾ ಒಂದೇ. ಕೈ ನಡುಗಿದ್ರೆ ನಡುಗ್ಲಿ, ನಿನ್ ಗಂಡ ಹಿಡ್ಕತಾನೆ. ನಾಳೆ ಆ ಹುಡುಗಿಗೆ ಏನಾರ ಎಚ್ಚುಕಮ್ಮಿ ಆದ್ರೆ ಎಲ್ರೂ ನಿನ್ನೇ ಅಂತಾರೆ ಕಣೇ.”

ಆಗ ಬೈಬೇಕಿತ್ತು. ಚೀಲ ಎಸೆದಂಗೆ ಅವಳನ್ನೂ ಎಸೀಬೇಕಿತ್ತು. ಆದರೆ ಆ ಕೊನೇ ಮಾತು ನನ್ನ ಬಾಯಿ ಕಟ್ಟಿಹಾಕ್ತು. ಮಾತ್ರೆಯನ್ನು ಅವಳ ಕೈಗೇ ಕೊಟ್ಟೆ. ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಅವಳು ದಡ್ಡಿ. ಕೊಟ್ಟ ನಾನು ಅವಳಿಗಿಂತ ದಡ್ಡಿ.

ಹತ್ತು ಗಂಟೆಗೆ ಆ ಭಯ ಶುರುವಾಯ್ತು. ಹೆಣ್ಣಿನ ಕಡೆಯೋರ ರೂಮಲ್ಲಿ ಕುರ್ಚಿ ಗಟ್ಟಿಯಾಗಿ ಹಿಡ್ಕೊಂಡು ಕೂತಿದ್ದೆ. ಹೊರಗೆ ವಾಲಗ, ಡೋಲಿನ ಒಂದೊಂದು ಏಟೂ ಎದೆಗೇ ಬೀಳ್ತಿತ್ತು. ಬಾಗಿಲು ದಾಟಿದರೆ ಸತ್ತೇಹೋಗ್ತೀನಿ ಅನ್ನಿಸ್ತು. ಹಂಗೇನೂ ಆಗಲ್ಲ ಅಂತ ಗೊತ್ತು. ಗೊತ್ತಿದ್ದು ಏನು ಬಂತು, ಮಣ್ಣು! ಬೆವರು ರವಿಕೆಯೆಲ್ಲ ತೋಯಿಸಿತ್ತು.

ಗಂಡ ಬಂದು, “ಏಳೇ, ಪುರೋಹಿತರು ಕರೀತಾವ್ರೆ,” ಅಂದ. ಅವನ ಬೆನ್ನ ಹಿಂದೆ ನೆಂಟರು ಕತ್ತು ಉದ್ದ ಮಾಡಿ ಇಣುಕ್ತಿದ್ದರು. ಹೆದರಿಕೆ ಆಗ್ತಿದೆ ಅನ್ನೋ ಮಾತು ಗಂಟಲ ತನಕ ಬಂತು, ಈಚೆಗೆ ಬರಲಿಲ್ಲ. ಈಚೆಗೆ ಬಂದದ್ದು ಬೈಗುಳ. “ನಿಮ್ಮಕ್ಕನ ಕೈಲೇ ಎರೆಸ್ಕೊಳ್ಳಿ ಹೋಗಿ! ನಾನು ಬರಲ್ಲ!”

ಅವನು ಎರಡು ಸಲ ಕರೆದ. ಎರಡು ಸಲವೂ ಉಗಿದೆ. ಮುಹೂರ್ತ ಮೀರ್ತದೆ ಅಂತ ಯಾರೋ ಕೂಗಿದರು. ಅವನ ಅಕ್ಕ, ಭಾವ ಹೋಗಿ ಧಾರೆ ಎರೆದರು. ಅವಳು ಬೆಳಿಗ್ಗೆ ಆರು ಇಡ್ಲಿ ತಿಂದಿದ್ದನ್ನು ಈ ಕಣ್ಣಲ್ಲೇ ನೋಡಿದ್ದೆ. ಆಗ ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ. ಗಟ್ಟಿಮೇಳ ರೂಮಿಗೇ ಕೇಳಿಸ್ತು. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ಮಗಳು ಮೂರು ತಿಂಗಳು ಫೋನ್ ಮಾಡಲಿಲ್ಲ. ಒಂದು ಮಧ್ಯಾಹ್ನ ತನ್ನ ಮಾರ್ಕ್ಸ್ ಕಾರ್ಡು ತಗೊಂಡು ಹೋಗೋಕೆ ಬಂದಳು. ಕಾಫಿ ಮಾಡಿಕೊಟ್ಟೆ, ಮುಟ್ಟಲಿಲ್ಲ.

“ಮಲ್ಲಿಪಟ್ಟಣದ ಅತ್ತೆ ಮೇಲಿನ ಸಿಟ್ಟಿಗೆ ನನ್ನ ಧಾರೆ ಬಿಟ್ಟೆಯಲ್ಲವ್ವಾ,” ಅಂದಳು. “ಛತ್ರದ ತುಂಬ ಅದೇ ಮಾತು. ಅವತ್ತೊಂದಿನ ಬಾಯಿ ಮುಚ್ಕೊಂಡು ಬಂದು ನಿಲ್ಲಕ್ಕಾಗಲಿಲ್ವಾ?”

“ಸಿಟ್ಟಲ್ಲ ಕಣವ್ವ,” ಅಂದೆ. “ಹೆದರಿಕೆ. ಎದ್ದು ನಿಲ್ಲಕ್ಕೂ ಆಗದಷ್ಟು ಹೆದರಿಕೆ ಆಗಿತ್ತು.” ಡಾಕ್ಟರಮ್ಮ ಹೇಳಿದ್ದು, ಮಾತ್ರೆ ಕೊಟ್ಟಿದ್ದು, ಎಲ್ಲ ಹೇಳಿದೆ. ಹೇಳ್ತಾ ಹೇಳ್ತಾ ನನ್ನ ಗಲ್ಲ ನಡುಗ್ತಿತ್ತು.

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ನಕ್ಕಳು.

“ನೀನು? ಹೆದರಿದ್ದು?” ಅಂದಳು. “ಸುಳ್ಳು ಹೇಳೋದಾದ್ರೂ ನಂಬೋ ಹಂಗೆ ಹೇಳವ್ವಾ.”

ಬ್ಯಾಗು ಎತ್ಕೊಂಡು ಹೊಳೆನರಸೀಪುರಕ್ಕೆ, ಗಂಡನ ಮನೆಗೆ ಹೊರಟುಹೋದಳು.